ಅರ್ಧ ಮಾತು ಅವರದು, ಇನ್ನರ್ಧ ನಮ್ಮದು

ಆ ಹುಡುಗ ಆವತ್ತು ಒಂದೇ ಒಂದು ಸುಳ್ಳು ಹೇಳಲಿಲ್ಲ. ನನ್ನ ತಲೆ ತಿನ್ನುತ್ತಿರುವುದು ಇದೇ. ಸುಳ್ಳು ಹೇಳಿದ್ದರೆ ಬೈದುಕೊಂಡು ಮರೆತುಬಿಡಬಹುದಿತ್ತು.

ಆಫೀಸಿನ ಗೆಳೆಯನೊಬ್ಬ ಸೈಟು ಕೊಳ್ಳುವ ಯೋಚನೆಯಲ್ಲಿದ್ದ. ದೇವನಹಳ್ಳಿಯಿಂದ ಆಚೆ ಹೊಸ ಲೇಔಟು. ಭಾನುವಾರ ಬೆಳಿಗ್ಗೆ ಹೆಬ್ಬಾಳದಿಂದ ಅವರದೇ ವ್ಯಾನು. ಒಬ್ಬನೇ ಹೋಗೋಕೆ ಬೇಜಾರು, ನೀನೂ ಬಾ ಅಂದ. ನನಗೆ ಕೊಳ್ಳುವ ಉದ್ದೇಶವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಹಾಗಾಗಿ ಹಿಂದಿನ ಸೀಟಿನಲ್ಲಿ ಆರಾಮಾಗಿ ಕೂತು ಮಾತು ಕೇಳಿಸಿಕೊಳ್ಳುತ್ತಿದ್ದೆ. ಒಬ್ಬರು ರಿಟೈರ್ಡ್ ಮೇಷ್ಟ್ರು, ಒಂದು ವಯಸ್ಸಾದ ದಂಪತಿ, ಮಗು ಎತ್ತಿಕೊಂಡ ಗಂಡ ಹೆಂಡತಿ, ಇನ್ನೊಂದಿಷ್ಟು ಜನ. ಸೇಲ್ಸ್ ಹುಡುಗ ಡ್ರೈವರ್ ಪಕ್ಕ ಕೂರದೆ ನಮ್ಮ ಕಡೆ ಮುಖ ಮಾಡಿ ನಿಂತಿದ್ದ. ಯಲಹಂಕ ದಾಟುವಾಗ ಕಿಟಕಿಯಾಚೆ ಕೈ ತೋರಿಸಿ ಕೇಳಿದ: "2005ರಲ್ಲಿ ಯಾರಾದ್ರೂ ಇಲ್ಲಿ ಸೈಟು ತಗೋತೀನಿ ಅಂದಿದ್ರೆ ನೀವೆಲ್ಲ ಏನಂತಿದ್ರಿ ಸಾರ್?"

ಕೇಳಿ ಸುಮ್ಮನಾದ. ಮೇಷ್ಟ್ರು, "ತಲೆ ಕೆಟ್ಟಿದೆಯೇನಯ್ಯಾ ಅಂತಿದ್ವಿ" ಅಂದರು. ಎಲ್ಲರೂ ನಕ್ಕರು. ವಯಸ್ಸಾದವರು ಸ್ವಲ್ಪ ತಡೆದು, "ನಮ್ಮ ಭಾವ ತಗೋ ತಗೋ ಅಂದ್ರು, ನಾನು ತಗೊಳ್ಳಲಿಲ್ಲ" ಅಂದರು. ಅವರ ಹೆಂಡತಿ ಅವರನ್ನು ಒಂದು ಥರ ನೋಡಿದರು. ಏರ್‌ಪೋರ್ಟ್ ಬಂದದ್ದು 2008ರಲ್ಲಿ. ಆಮೇಲೆ ಆ ಕಡೆ ಏನಾಯಿತು ಅಂತ ವ್ಯಾನಿನಲ್ಲಿದ್ದ ಎಲ್ಲರಿಗೂ ಗೊತ್ತು. ಹುಡುಗ ಅದನ್ನೂ ಹೇಳಲಿಲ್ಲ. "ಹೋಗ್ಲಿ ಬಿಡಿ ಸಾರ್, ಹಳೇ ಕತೆ" ಅಂದು ನೀರಿನ ಬಾಟಲಿ ಹಂಚಿದ.

ಲೇಔಟಿನಲ್ಲಿ ಆರ್ಚ್ ಇತ್ತು, ಬಣ್ಣದ ಬಾವುಟ ಇದ್ದವು, ಅಳತೆಗೆ ಕಲ್ಲು ನೆಟ್ಟಿದ್ದರು. ಮೋರಿ ಇನ್ನೂ ಬಂದಿರಲಿಲ್ಲ. ಶಾಮಿಯಾನದ ಕೆಳಗೆ ಪುಳಿಯೋಗರೆ, ಮೊಸರನ್ನ, ಬಾಳೆಹಣ್ಣು. ಊಟ ಹಾಕಿ ವ್ಯಾಪಾರ ಮಾಡುವ ಈ ಉಪಾಯವನ್ನು ರಾಬರ್ಟ್ ಚಾಲ್ಡೀನಿ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1984ರಲ್ಲಿ ಪುಸ್ತಕದಲ್ಲಿ ವಿವರಿಸಿದ್ದಾರೆ. ನಮ್ಮ ಅಜ್ಜಿಯರು ಅನ್ನದ ಋಣ ಅಂತ ಮೊದಲೇ ಹೇಳಿದ್ದರು, ಬಿಡಿ. "ಇವತ್ತೇ ಬುಕ್ ಮಾಡಿದ್ರೆ ಇಷ್ಟು ಕಮ್ಮಿ" ಅನ್ನುವುದೂ ಆಯಿತು. ಅದನ್ನು ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಂಗಳೂರಿನಲ್ಲಿ ನಾಲ್ಕು ದಿನ ಇದ್ದವರಿಗೆ ಅದು ಹಳೇ ರಾಗ.

ಮಗು ಎತ್ತಿಕೊಂಡಿದ್ದ ಹೆಂಗಸು ಮಾತ್ರ ನೇರವಾಗಿ ಕೇಳಿದರು. "ಹಾಗಾದ್ರೆ ಇಲ್ಲೂ ಯಲಹಂಕದ ಥರಾನೇ ರೇಟು ಏರುತ್ತೆ ಅಂತೀರಾ?"

"ನಾನು ಹಾಗೆ ಹೇಳಲ್ಲ ಮೇಡಂ. ನಿಮಗೇನನ್ಸುತ್ತೆ?"

"ನಂಗೆ ಅನ್ಸೋದು ಇರ್ಲಿ. ಏರುತ್ತೆ ಅಂತ ನೀವು ಬರ್ಕೊಡ್ತೀರಾ?"

"ಭೂಮಿ ಅಂದ್ರೆ ತಾಯಿ ಮೇಡಂ. ತಾಯಿ ಹತ್ರ ಯಾರಾದ್ರೂ ಬರೆಸ್ಕೋತಾರಾ?"

ಎಲ್ಲರೂ ನಕ್ಕರು. ಯಾರೋ ಕಾರ್ನರ್ ಸೈಟಿನ ರೇಟು ಕೇಳಿದರು. ಆ ಹೆಂಗಸಿನ ಪ್ರಶ್ನೆ ಅಲ್ಲೇ ಮುಳುಗಿಹೋಯಿತು. ವಾಪಸ್ ಬರುವಾಗ ಹುಡುಗ ಮಾತೇ ಆಡಲಿಲ್ಲ, ಫೋನ್ ನೋಡುತ್ತಾ ಕೂತಿದ್ದ. ಆಡುವ ಅಗತ್ಯವೂ ಇರಲಿಲ್ಲ. ಮೆಟ್ರೋ ಏರ್‌ಪೋರ್ಟ್‌ವರೆಗೂ ಬರುತ್ತಿದೆ, ಸ್ಯಾಟಲೈಟ್ ರಿಂಗ್ ರೋಡು ಈ ಕಡೆಗೇ ಬರುತ್ತಿದೆ ಅಂತ ಜನ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಆ ಲೇಔಟನ್ನು ವ್ಯಾನಿನಲ್ಲಿ ಕೂತವರೇ ಒಬ್ಬರಿಗೊಬ್ಬರು ಮಾರುತ್ತಿದ್ದರು.

ಮೂರು ಮಾರ್ಕಿನ ಅಲಂಕಾರ

ಹೈಸ್ಕೂಲಿನಲ್ಲಿ ನಾವೆಲ್ಲ ಅಲಂಕಾರ ಕಲಿತವರೇ. ಅಲಂಕಾರದ ಹೆಸರು, ಲಕ್ಷಣ, ಸಮನ್ವಯ. ಮೂರು ಮಾರ್ಕು. ಉಪಮೇಯ, ಉಪಮಾನ, ವಾಚಕ, ಸಮಾನಧರ್ಮ ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದು ಕಾಣೆಯಾದರೂ ಲುಪ್ತೋಪಮೆ. ಕಾಣೆಯಾದದ್ದು ಯಾವುದು ಅಂತ ಪಟ್ಟನೆ ಹೇಳುವುದರಲ್ಲಿ ನಮಗೆ ಒಂಥರಾ ಹೆಮ್ಮೆ ಇತ್ತು. ಆದರೆ ಕವಿ ಅದನ್ನು ಯಾಕೆ ಬಿಟ್ಟ, ಬಿಟ್ಟಿದ್ದರಿಂದ ಓದುವವನಿಗೆ ಏನಾಗುತ್ತದೆ ಅಂತ ಯಾರೂ ಕೇಳಲಿಲ್ಲ. ಅಲಂಕಾರ ಅಂದರೆ ಮಾತಿಗೆ ತೊಡಿಸುವ ಒಡವೆ ಅಂತಲೇ ತಲೆಯಲ್ಲಿ ಕೂತುಬಿಟ್ಟಿತು. ಹಾಗಾಗಿ ಯಾರಾದರೂ ನಮ್ಮನ್ನು ಮಾತಿನಲ್ಲಿ ಬೀಳಿಸುತ್ತಿದ್ದಾರೆ ಅಂದರೆ ಬಣ್ಣಬಣ್ಣದ ಮಾತಾಡುತ್ತಾರೆ ಅಂತ ಅಂದುಕೊಳ್ಳುತ್ತೇವೆ. ಆ ಹುಡುಗನ ಮಾತಿನಲ್ಲಿ ಬಣ್ಣವೇ ಇರಲಿಲ್ಲ. ತಾಯಿಯ ಮಾತು ಬಂದದ್ದೂ ತಪ್ಪಿಸಿಕೊಳ್ಳಬೇಕಾದಾಗ ಮಾತ್ರ.

ಅರಿಸ್ಟಾಟಲ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಇದನ್ನು ಗಮನಿಸಿದ್ದ. ಒಪ್ಪಿಸುವ ಮಾತಿನ ಬಗ್ಗೆ ಅವನು ಹೇಳಿದ್ದರಲ್ಲಿ ಮೂರು ಸಂಗತಿಗಳನ್ನು ಎಲ್ಲರೂ ಹೇಳುತ್ತಾರೆ: ಮಾತಾಡುವವನ ಮೇಲಿನ ನಂಬಿಕೆ, ಕೇಳುವವನ ಭಾವನೆ, ಮಾತಿನ ತರ್ಕ. ನನಗೆ ಅದಕ್ಕಿಂತ ಇಷ್ಟವಾದದ್ದು ಅವನು ಕೊಡುವ ಒಂದು ಸಣ್ಣ ಉದಾಹರಣೆ. ಡೋರಿಯಸ್ ಅನ್ನುವ ಕ್ರೀಡಾಪಟು ಕಿರೀಟ ಗೆದ್ದ ಅಂತ ಹೇಳಬೇಕಾದರೆ, ಒಲಿಂಪಿಕ್ಸ್‌ನಲ್ಲಿ ಗೆದ್ದ ಅಂದರೆ ಸಾಕು. ಒಲಿಂಪಿಕ್ಸ್‌ನ ಬಹುಮಾನ ಕಿರೀಟ ಅಂತ ಸೇರಿಸಬೇಕಾಗಿಲ್ಲ, ಅದು ಎಲ್ಲರಿಗೂ ಗೊತ್ತು. ಕೇಳುವವನೇ ಸೇರಿಸಿಕೊಳ್ಳುತ್ತಾನೆ. ಹೀಗೆ ಒಂದು ಮೆಟ್ಟಿಲು ಬಿಟ್ಟು ಕಟ್ಟಿದ ತರ್ಕವನ್ನೇ ಅವನು ಒಪ್ಪಿಸುವ ಮಾತಿನ ಶರೀರ ಅಂತ ಕರೆದ. ಉಳಿದದ್ದೆಲ್ಲ ಅವನಿಗೆ ಮೇಲುಮೇಲಿನದು.

ನಮ್ಮ ಕಡೆ ಇದನ್ನೇ ಬೇರೆ ದಾರಿಯಿಂದ ಹಿಡಿದವನು 9ನೇ ಶತಮಾನದ ಕಾಶ್ಮೀರದ ಆನಂದವರ್ಧನ. ಕಾವ್ಯದ ಜೀವ ಇರುವುದು ಹೇಳಿದ್ದರಲ್ಲಿ ಅಲ್ಲ, ಹೇಳದೆ ಹೊಳೆಯಿಸಿದ್ದರಲ್ಲಿ ಅಂದ. ಅವನು ಮಾತಾಡಿದ್ದು ಕಾವ್ಯದ ಬಗ್ಗೆ, ಸೈಟ್ ಬುಕ್ಕಿಂಗ್ ಬಗ್ಗೆ ಅಲ್ಲ. ಆದರೂ ಕೆಲಸ ನಡೆಯುವ ಜಾಗ ಒಂದೇ. ಮಾತು ಅರ್ಧಕ್ಕೆ ನಿಲ್ಲುತ್ತದೆ, ಉಳಿದದ್ದು ಕೇಳುವವನ ತಲೆಯಲ್ಲಿ ಆಗುತ್ತದೆ. ಹಾಗೆ ಆದದ್ದನ್ನು ಅವನು ತನ್ನದು ಅಂದುಕೊಳ್ಳುತ್ತಾನೆ. ಬೇರೆಯವರು ಹೇಳಿದ್ದನ್ನು ನಾವು ಅನುಮಾನದಿಂದ ನೋಡುತ್ತೇವೆ. ನಮಗೇ ಹೊಳೆದದ್ದನ್ನು ಅನುಮಾನಿಸುವುದಿಲ್ಲ, ಅಲ್ವಾ?

ಗೋಡೆ, ಗೇಟು, ಆಟೋ

ಇದು ತಲೆಗೆ ಹೊಕ್ಕ ಮೇಲೆ ಊರೆಲ್ಲ ಅರ್ಧ ಮಾತುಗಳೇ ಕಾಣಿಸತೊಡಗಿದವು. ನಮ್ಮ ಏರಿಯಾದ ಒಂದು ಕಾಂಪೌಂಡ್ ಗೋಡೆಯ ಮೇಲೆ "ಇಲ್ಲಿ ಮೂತ್ರ ವಿಸರ್ಜನೆ ಮಾಡಬಾರದು" ಅಂತ ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಅಕ್ಷರದ ಕೆಳಗೇ ಕೆಲಸ ನಡೆಯುತ್ತಿತ್ತು. ಆಮೇಲೆ ಯಾರೋ ಬರಹ ಅಳಿಸಿ ಗಣಪತಿ, ಏಸು, ಮೆಕ್ಕಾದ ಚಿತ್ರ ಇರುವ ಟೈಲ್ಸ್ ಅಂಟಿಸಿದರು. ಒಂದೂ ಅಕ್ಷರ ಇಲ್ಲ, ಮಾಡಬೇಡ ಅಂತಲೂ ಇಲ್ಲ. ಗೋಡೆ ಈಗ ಒಣಗಿದೆ. ಮಮ್ಮಟ ಅನ್ನುವ 11ನೇ ಶತಮಾನದ ಕಾವ್ಯಶಾಸ್ತ್ರಜ್ಞ, ಮಾತು ಮನಸ್ಸನ್ನು ತಿದ್ದುವುದಕ್ಕೆ ಮೂರು ದಾರಿ ಹೇಳುತ್ತಾನೆ. ಒಡೆಯನ ಹಾಗೆ ಆಜ್ಞೆ ಮಾಡುವುದು, ಗೆಳೆಯನ ಹಾಗೆ ಬುದ್ಧಿ ಹೇಳುವುದು, ನಲ್ಲೆಯ ಹಾಗೆ ಒಲಿಸುವುದು. ಬೆಂಗಳೂರಿನ ಗೋಡೆಯ ಮೇಲೆ ಒಡೆಯನ ದಾರಿ ಸೋತಿದ್ದನ್ನು ನಾನೇ ನೋಡಿದ್ದೇನೆ. ಟೈಲ್ಸ್ ಯಾವ ದಾರಿಗೆ ಸೇರುತ್ತದೋ ಮಮ್ಮಟನನ್ನೇ ಕೇಳಬೇಕು.

ಗೇಟಿನ ಬೋರ್ಡು ಇನ್ನೊಂದು ಜಾತಿ. "ಗೇಟಿನ ಮುಂದೆ ವಾಹನ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು." ತೆಗೆಯುವವರು ಯಾರು? ಮನೆಯ ಯಜಮಾನರು ಬೆಳಿಗ್ಗೆ ವಾಕಿಂಗ್ ಹೋಗುವ, ಮಂಡಿನೋವಿನ, ಮೆತ್ತಗಿನ ಮನುಷ್ಯ. ಬಗ್ಗಿ ಟೈರಿನ ಗಾಳಿ ತೆಗೆಯುವುದು ಅವರ ಕೈಲಾಗದ ಕೆಲಸ. "ನಾನು ಗಾಳಿ ತೆಗೆಯುತ್ತೇನೆ" ಅಂತ ಬರೆಸಿದ್ದರೆ ಬೀದಿಯವರು ನಗುತ್ತಿದ್ದರು. ಕರ್ತೃ ಇಲ್ಲದ ವಾಕ್ಯದಲ್ಲಿ ನಾವೇ ಒಬ್ಬ ದಾಂಡಿಗನನ್ನು ಕಲ್ಪಿಸಿಕೊಂಡು ಗಾಡಿ ಮುಂದಕ್ಕೆ ತಳ್ಳುತ್ತೇವೆ.

ಇನ್ನು ಆಟೋ. 2025ರ ಆಗಸ್ಟಿನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ ಅಂತ ಮೀಟರ್ ದರ ಇದೆ. ಅದರ ಮೇಲಿನ ಮಾತುಕತೆಗೆ ದರಪಟ್ಟಿ ಇಲ್ಲ. "ಮೇಲೆ 30 ಕೊಡಿ ಸಾರ್, ಮಳೆ ಬರ್ತಿದೆ." ಸರಿ, ಇದೊಂದು ಕಾರಣ. "ಮೇಲೆ 30 ಕೊಡಿ ಸಾರ್, ಅಷ್ಟು ದೂರ ಹೋಗ್ಬೇಕಲ್ವಾ." ಇದು ಯಾವ ಕಾರಣ? ದೂರ ಹೋಗಬೇಕು ಅಂತಲೇ ತಾನೇ ನಾನು ಆಟೋ ಕರೆದದ್ದು, ದೂರಕ್ಕೆ ಮೀಟರೇ ಇದೆಯಲ್ಲ! ಆದರೆ ಆ ಕ್ಷಣದಲ್ಲಿ ಅದು ಕಾರಣದ ಹಾಗೇ ಕೇಳಿಸುತ್ತದೆ, ಹತ್ತಿ ಕೂರುತ್ತೇವೆ. ಎಲೆನ್ ಲ್ಯಾಂಗರ್ ಮತ್ತು ಜೊತೆಗಾರರು 1978ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೇ ಥರದ್ದು. ನ್ಯೂಯಾರ್ಕಿನಲ್ಲಿ ಜೆರಾಕ್ಸ್ ಮೆಷಿನ್ನಿನ ಹತ್ತಿರ ನಿಂತವರನ್ನು, 5 ಹಾಳೆ ಇದೆ, ನಾನು ಮೊದಲು ಮಾಡಿಕೊಳ್ಳಲಾ ಅಂತ ಕೇಳಿದರು. ಸುಮ್ನೆ ಕೇಳಿದಾಗ 60 ಪರ್ಸೆಂಟ್ ಜನ ಬಿಟ್ಟರು. ಅವಸರ ಇದೆ ಅಂದಾಗ 94. "ಜೆರಾಕ್ಸ್ ಮಾಡಿಸಬೇಕಾಗಿದೆ, ಅದಕ್ಕೆ" ಅಂದಾಗಲೂ 93! ಮೆಷಿನ್ ಮುಂದೆ ನಿಂತವನು ಇನ್ನೇನು ಮಾಡಿಸುತ್ತಾನೆ? ಆದರೆ ಹಾಳೆ 20 ಆದಾಗ ಈ ಖಾಲಿ ಕಾರಣ ಬಿದ್ದುಹೋಯಿತು. ಸುಮ್ನೆ ಕೇಳಿದರೂ 24, ಖಾಲಿ ಕಾರಣ ಕೊಟ್ಟರೂ 24. ಅವಸರ ಅಂದವರಿಗೆ ಮಾತ್ರ 42. ಆಟೋದವರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲೆ 30 ಕೇಳುವಾಗ ಯಾವ ಕಾರಣವಾದರೂ ನಡೆಯುತ್ತದೆ. 200 ಕೇಳಬೇಕಾದರೆ ಗಟ್ಟಿ ಕಾರಣವನ್ನೇ ತರುತ್ತಾರೆ.

ಕುಂಬಳಕಾಯಿ ಕಳ್ಳ

ಅರ್ಧ ಮಾತಿನ ದೊಡ್ಡ ಉಸ್ತಾದರು ನಮ್ಮ ಮನೆಯ ಹೆಂಗಸರು. ಅವರ ಕೈಲಿರುವ ಸಾಮಾನು ಗಾದೆ. ಮದುವೆ ಛತ್ರದಲ್ಲಿ ಊಟಕ್ಕೆ ಕೂತಾಗ ಒಬ್ಬರು, ಎಲೆಯ ಕಡೆಯೇ ನೋಡುತ್ತಾ, "ಏನೋಪ್ಪ, ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ" ಅನ್ನುತ್ತಾರೆ. ಅಷ್ಟೇ. ಯಾವ ಅತ್ತೆ, ಯಾವ ಸೊಸೆ, ಈಗ ಯಾರ ಕಾಲ, ಏನೂ ಹೇಳುವುದಿಲ್ಲ. ಪಂಕ್ತಿಯಲ್ಲಿ ಕೂತ ಪ್ರತಿಯೊಬ್ಬರೂ ಅವರವರಿಗೆ ಬೇಕಾದ ಹೆಸರು ತುಂಬಿಕೊಳ್ಳುತ್ತಾರೆ. ಯಾರಾದರೂ ಸಿಟ್ಟಾದರೆ, "ನಾನು ಸುಮ್ನೆ ಗಾದೆ ಹೇಳ್ದೆ, ನಿಮಗ್ಯಾಕೆ ಚುಚ್ಚಿತು?" ಅನ್ನಬಹುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತ ಅದಕ್ಕೂ ಒಂದು ಗಾದೆ ಸಿದ್ಧವಾಗಿದೆ. ಈ ಗಾದೆ ಮಾಡಿದವರಿಗೆ ಅರಿಸ್ಟಾಟಲ್ ಬೇಕಾಗಿರಲಿಲ್ಲ. ಕಳ್ಳ ಯಾರು ಅಂತ ಹೇಳದೆ ಬಿಟ್ಟರೆ, ಹೆಗಲು ತಾನೇ ಉತ್ತರ ಕೊಡುತ್ತದೆ.

ಗಾದೆಗೆ ಇನ್ನೊಂದು ಬಲ ಪ್ರಾಸ. ಕೈ ಕೆಸರಾದರೆ ಬಾಯಿ ಮೊಸರು. ಇದನ್ನು ಕೈ ಮಣ್ಣಾದರೆ ಬಾಯಿಗೆ ಮಜ್ಜಿಗೆ ಅಂತ ಬದಲಾಯಿಸಿ ನೋಡಿ. ಅರ್ಥ ಹೆಚ್ಚುಕಮ್ಮಿ ಅದೇ. ಆದರೆ ತಕ್ಷಣ, ಎಷ್ಟೋ ಕೂಲಿಯವರ ಕೈ ದಿನವೆಲ್ಲ ಮಣ್ಣಾಗಿಯೂ ಬಾಯಿಗೆ ಮಜ್ಜಿಗೆ ಸಿಗುವುದಿಲ್ಲವಲ್ಲ ಅನ್ನುವ ಪ್ರಶ್ನೆ ಏಳುತ್ತದೆ. ಕೆಸರು ಮೊಸರು ಜೊತೆಗಿದ್ದಾಗ ಆ ಪ್ರಶ್ನೆ ಏಳುತ್ತಲೇ ಇರಲಿಲ್ಲ. ಮ್ಯಾಥ್ಯೂ ಮೆಕ್‌ಗ್ಲೋನ್ ಮತ್ತು ಅವರ ಜೊತೆಗಾರ್ತಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ಪ್ರಾಸ ಇರುವ ಇಂಗ್ಲಿಷ್ ಗಾದೆಗಳನ್ನು ಅದೇ ಅರ್ಥದ, ಪ್ರಾಸವಿಲ್ಲದ ವಾಕ್ಯಗಳಿಗಿಂತ ಜಾಸ್ತಿ ನಿಜ ಅಂತ ಅಂದುಕೊಂಡರು. ಮಾತಿನ ಚೆಂದ ಬೇರೆ, ಅರ್ಥ ಬೇರೆ ಅಂತ ಎಚ್ಚರಿಸಿದಾಗ ಆ ಪರಿಣಾಮ ಇಳಿಯಿತು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತೇವೆ. ತಮಾಷೆ ನೋಡಿ, ಹಾಗೆ ಹೇಳುತ್ತಿರುವುದೂ ಒಂದು ಗಾದೆಯೇ.

ಕಾನೂನಿನ ಕೈಗೆ ಸಿಗುವುದು

ಸೈಟು ವ್ಯವಹಾರಕ್ಕೆ ಕಾನೂನು ಇಲ್ಲ ಅಂತಲ್ಲ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಇದೆ. ಜಾಹೀರಾತಿನಲ್ಲಿ ಸುಳ್ಳು ಹೇಳಿ, ಅದನ್ನು ನಂಬಿ ದುಡ್ಡು ಕಟ್ಟಿದವರಿಗೆ ನಷ್ಟವಾದರೆ ಪರಿಹಾರ ಕೊಡಬೇಕು ಅನ್ನುತ್ತದೆ ಅದರ 12ನೇ ಸೆಕ್ಷನ್. ಅಗ್ರಿಮೆಂಟ್ ಬರೆದು ರಿಜಿಸ್ಟರ್ ಮಾಡಿಸದೆ 10 ಪರ್ಸೆಂಟಿಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳುವಂತಿಲ್ಲ ಅನ್ನುತ್ತದೆ 13ನೇ ಸೆಕ್ಷನ್. ಒಳ್ಳೆಯ ಕಾನೂನೇ. ಆದರೆ 12ನೇ ಸೆಕ್ಷನ್ ಕೆಲಸ ಮಾಡಬೇಕಾದರೆ ಯಾರಾದರೂ ಏನಾದರೂ ಹೇಳಿರಬೇಕು. ವ್ಯಾನಿನಲ್ಲಿ ಆ ಹುಡುಗ ಹೇಳಿದ್ದೇನು? ಯಲಹಂಕದ ಬಗ್ಗೆ ಒಂದು ಪ್ರಶ್ನೆ ಕೇಳಿದ. ಉತ್ತರ ಕೊಟ್ಟವರು ಮೇಷ್ಟ್ರು.

ಆ್ಯಪ್‌ಗಳ ವಿಷಯದಲ್ಲಿ ಕಾನೂನಿಗೆ ಕೆಲಸ ಸ್ವಲ್ಪ ಸುಲಭ, ಯಾಕೆಂದರೆ ಅಲ್ಲಿ ಎಲ್ಲ ಬರಹದಲ್ಲಿರುತ್ತದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು, ಅಂದರೆ ಗ್ರಾಹಕರನ್ನು ಯಾಮಾರಿಸುವ ಆನ್‌ಲೈನ್ ತಂತ್ರಗಳನ್ನು, ಪಟ್ಟಿ ಮಾಡಿ ತಡೆಯಿತು. ಇನ್ನೆರಡೇ ಉಳಿದಿವೆ ಅಂತ ಸುಳ್ಳು ಅವಸರ ಹುಟ್ಟಿಸುವುದು, ನಮಗೆ ಗೊತ್ತಿಲ್ಲದೆ ಬುಟ್ಟಿಗೆ ಏನೋ ಸೇರಿಸುವುದು, ಬೆಲೆಯನ್ನು ಕೊನೆಯವರೆಗೂ ಮುಚ್ಚಿಟ್ಟು ತುಣುಕು ತುಣುಕಾಗಿ ಹೇಳುವುದು ಎಲ್ಲ ಆ ಪಟ್ಟಿಯಲ್ಲಿವೆ. ಅದರಲ್ಲಿ ಒಂದು, ಬೇಡ ಅನ್ನುವವರಿಗೆ ನಾಚಿಕೆ ಆಗುವ ಹಾಗೆ ಮಾಡುವುದು. ಇನ್ಶೂರೆನ್ಸ್ ಬೇಡ ಅಂದರೆ, "ಪರವಾಗಿಲ್ಲ, ನನ್ನ ಮನೆಯವರ ಸುರಕ್ಷತೆ ನನಗೆ ಮುಖ್ಯವಲ್ಲ" ಅನ್ನುವ ಥರದ ಬಟನ್ನನ್ನು ನಾವೇ ಒತ್ತಬೇಕು. ಇದು ನನಗೆ ಬರೀ ಒಡ್ಡುತನ ಅನ್ನಿಸುತ್ತದೆ. ಸೇಲ್ಸ್ ಹುಡುಗ ನಮ್ಮ ಮಾತನ್ನು ನಮಗೇ ಬಿಟ್ಟಿದ್ದ. ಆ್ಯಪ್ ನಮ್ಮ ಬಾಯಿಗೆ ತನ್ನ ಮಾತು ತುರುಕುತ್ತದೆ. ಅದಕ್ಕೇ ಆ್ಯಪ್ ಮೇಲೆ ಸಿಟ್ಟು ಬರುತ್ತದೆ, ಹುಡುಗನ ಮೇಲೆ ಬರುವುದಿಲ್ಲ. ನನ್ನ ಲೆಕ್ಕದಲ್ಲಿ ಹೆಚ್ಚು ಹೆದರಬೇಕಾದದ್ದು ಸಿಟ್ಟು ಬರಿಸದವರಿಗೆ.

ಅತ್ತೆ ಪೇಪರ್ ಓದಿದ್ದು

ಇಷ್ಟು ಬರೆದು ಇಲ್ಲಿಗೆ ನಿಲ್ಲಿಸಿದರೆ ಅರ್ಧ ಮಾತೆಲ್ಲ ಮೋಸ ಅಂದ ಹಾಗಾಗುತ್ತದೆ. ಹಾಗನ್ನಲು ನನಗೆ ಅಡ್ಡ ಬರುವವರು ನಮ್ಮತ್ತೆ.

ಬಸವನಗುಡಿಯ ದೊಡ್ಡಪ್ಪನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಬೇಡ ಅಂತ ಹಟ. ಅವರ ಮಗ, ಅಂದರೆ ನಮ್ಮಣ್ಣ, ಇಂಜಿನಿಯರು. ಕಾರಣಗಳನ್ನು ಸಾಲಾಗಿ ಜೋಡಿಸಿಕೊಂಡು ಬಂದ. ಅರ್ಧ ಗಂಟೆಯೂ ಆಗಲ್ಲಪ್ಪ. ಇಂಜೆಕ್ಷನ್ನೂ ಬೇಕಾಗಲ್ಲ, ಡ್ರಾಪ್ಸ್ ಹಾಕೇ ಮಾಡ್ತಾರೆ. ಆವತ್ತೇ ಮನೆಗೆ ಬರಬಹುದು. ದೊಡ್ಡಪ್ಪ ಒಂದೊಂದಕ್ಕೂ ಉತ್ತರ ಕೊಟ್ಟರು. ಅರ್ಧ ಗಂಟೇಲಿ ಆಗೋದಾದ್ರೆ ಯಾಕೆ ಅಷ್ಟು ದುಡ್ಡು? ಡ್ರಾಪ್ಸ್ ಹಾಕಿ ಕಣ್ಣು ಕುಯ್ಯೋದು ಅಂದ್ರೆ ನಂಗೆ ಎಲ್ಲ ಕಾಣ್ತಿರುತ್ತಾ? ಮಗ ಎಷ್ಟು ಗಟ್ಟಿ ಕಾರಣ ತಂದನೋ ಅವರ ಹಟ ಅಷ್ಟೇ ಗಟ್ಟಿಯಾಯಿತು. ಪೂರ್ತಿ ಮಾತಿನ ತೊಂದರೆಯೇ ಇದು. ಕೇಳುವವರಿಗೆ ಮಾಡಲು ಬೇರೆ ಕೆಲಸ ಇರುವುದಿಲ್ಲ, ಎದುರು ವಾದಿಸುವುದೊಂದೇ ಉಳಿಯುತ್ತದೆ.

ಅತ್ತೆ ದೊಡ್ಡಪ್ಪನ ತಂಗಿ. ಒಂದು ಬೆಳಿಗ್ಗೆ ತ್ಯಾಗರಾಜನಗರದಿಂದ ನಡೆದುಕೊಂಡೇ ಬಂದರು. ನಾನೂ ಅಲ್ಲೇ ಇದ್ದೆ. ಕಾಫಿ ಕುಡಿದು, ಮೇಜಿನ ಮೇಲಿದ್ದ ಪೇಪರ್ ಎತ್ತಿಕೊಂಡು, "ಆಪರೇಷನ್ನೂ ಬೇಡ ಗೀಪರೇಷನ್ನೂ ಬೇಡ ಕಣಣ್ಣ. ಈ ವಯಸ್ಸಲ್ಲಿ ನಿಂಗ್ಯಾಕೆ. ದಿನಾ ನಾನೇ ಬಂದು ಪೇಪರ್ ಓದಿ ಹೇಳ್ತೀನಿ" ಅಂದರು. ದೊಡ್ಡಪ್ಪನಿಗೆ ಖುಷಿಯೋ ಖುಷಿ. ನೋಡೋ, ಇವಳಿಗೆ ಅರ್ಥ ಆಗುತ್ತೆ ಅಂತ ಮಗನ ಕಡೆ ನೋಡಿದರು. ಅತ್ತೆ ಓದಲು ಶುರುಮಾಡಿದ್ದು ಶ್ರದ್ಧಾಂಜಲಿ ಪುಟದಿಂದ. ಹೆಸರು, ವಯಸ್ಸು, ಅಗಲಿದ ದಿನ, ದುಃಖತಪ್ತ ಕುಟುಂಬದವರು, ಒಂದೂ ಬಿಡದೆ ಓದಿದರು. ಆಮೇಲೆ ಚಿನ್ನದ ರೇಟು. ಆಮೇಲೆ ಯಾವುದೋ ಟೆಂಡರ್ ನೋಟಿಸು. "ಕ್ರಿಕೆಟ್ ಓದೇ" ಅಂದರು ದೊಡ್ಡಪ್ಪ. "ಅದೆಲ್ಲ ನಂಗೆ ತಿಳಿಯಲ್ಲಣ್ಣ" ಅಂದು ರಾಶಿಫಲಕ್ಕೆ ಹೋದರು. ದೊಡ್ಡಪ್ಪ ಪೇಪರ್ ಕಿತ್ತುಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಇಟ್ಟುಬಿಟ್ಟರು. "ನಾಳೆನೂ ಬರ್ತೀನಿ" ಅಂದರು ಅತ್ತೆ. ಮಾರನೇ ದಿನವೂ ಬಂದರು. ಆ ವಾರವೇ ದೊಡ್ಡಪ್ಪ ಡಾಕ್ಟರ ಅಪಾಯಿಂಟ್‌ಮೆಂಟ್ ಕೇಳಿದರು.

ಬೇಡ ಅನ್ನಬೇಕಾದಲ್ಲಿ ಆಗಲಿ ಅಂದು ತಡೆಯುವ ಈ ಚಮತ್ಕಾರ ಸುಮಾರು 1,300 ವರ್ಷ ಹಿಂದಿನ ದಂಡಿ ಅನ್ನುವ ಸಂಸ್ಕೃತ ಕವಿಗೆ ಗೊತ್ತಿತ್ತು. ಅವನ ಕಾವ್ಯಾದರ್ಶದಲ್ಲಿ ಊರು ಬಿಟ್ಟು ಹೊರಟ ನಲ್ಲನಿಗೆ ಹೆಣ್ಣೊಬ್ಬಳು ಹೋಗಬೇಡ ಅನ್ನುವುದಿಲ್ಲ. ಹೋಗುವುದಾದರೆ ಹೋಗು, ದಾರಿ ಸುಖವಾಗಿರಲಿ, ನೀನು ಹೋದ ಊರಿನಲ್ಲೇ ನಾನು ಮತ್ತೆ ಹುಟ್ಟುವಂತಾಗಲಿ ಅಂತ ಹರಸುತ್ತಾಳೆ. ನೀನು ಹೋದರೆ ನಾನು ಸಾಯುತ್ತೇನೆ ಅಂತ ಅವಳು ಎಲ್ಲೂ ಹೇಳಿಲ್ಲ. ಹೇಳದೆ ಬಿಟ್ಟದ್ದು ಅದೊಂದನ್ನೇ. ದಂಡಿ ಇದನ್ನು ಆಕ್ಷೇಪ ಅನ್ನುವ ಅಲಂಕಾರದಲ್ಲಿ ಸೇರಿಸುತ್ತಾನೆ. ನಮ್ಮ 9ನೇ ಶತಮಾನದ ಕವಿರಾಜಮಾರ್ಗ ಬಹಳಷ್ಟನ್ನು ತೆಗೆದುಕೊಂಡದ್ದು ಈ ದಂಡಿಯಿಂದಲೇ. ನಮ್ಮತ್ತೆ ಎರಡನ್ನೂ ಓದಿಲ್ಲ.

ಅತ್ತೆಯನ್ನು ಆಮೇಲೊಮ್ಮೆ ಕೇಳಿದೆ, ಬೇಕಂತಲೇ ಮಾಡಿದ್ರಾ ಅಂತ. "ನಾನೇನೋ ಮಾಡ್ದೆ? ಪೇಪರ್ ಓದ್ತೀನಿ ಅಂದೆ, ಓದ್ದೆ" ಅಂದರು. ನನಗೆ ಕೂಡಲೇ ನೆನಪಾದದ್ದು "ನಾನು ಹಾಗೆ ಹೇಳಲ್ಲ ಮೇಡಂ" ಅನ್ನುವ ಮಾತು. ಇಬ್ಬರೂ ಮುಖ್ಯವಾದದ್ದನ್ನು ಹೇಳಲಿಲ್ಲ, ಇಬ್ಬರನ್ನೂ ಹಿಡಿದು ನಿಲ್ಲಿಸುವ ಹಾಗಿಲ್ಲ. ಕಸುಬು ಒಂದೇ. ಉದ್ದೇಶ ಬೇರೆ ಅನ್ನಬಹುದು, ಆದರೆ ಉದ್ದೇಶ ವಾಕ್ಯದೊಳಗೆ ಕಾಣುವುದಿಲ್ಲ. ಒಂದು ವ್ಯತ್ಯಾಸ ಮಾತ್ರ ಹೊಳೆಯುತ್ತದೆ. ದೊಡ್ಡಪ್ಪ ತುಂಬಿಕೊಂಡ ಖಾಲಿ ಜಾಗದಲ್ಲಿ ಇದ್ದದ್ದು ಅವರಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿ, ಅವರದೇ ಕಣ್ಣು. ವ್ಯಾನಿನವರು ತುಂಬಿಕೊಂಡದ್ದು ಯಾರಿಗೂ ಗೊತ್ತಿಲ್ಲದ್ದು, ಇನ್ನು ಇಷ್ಟು ವರ್ಷಕ್ಕೆ ಒಂದು ಬಯಲಿನ ಬೆಲೆ ಏನಾಗಬಹುದು ಅನ್ನುವುದು. ಇದು ಸಾಕಾಗುವ ವ್ಯತ್ಯಾಸವೋ ಅಲ್ಲವೋ, ನಾನಿನ್ನೂ ನನ್ನೊಳಗೇ ವಾದಿಸುತ್ತಿದ್ದೇನೆ.

ದೊಡ್ಡಪ್ಪನಿಗೆ ಇಂಥ ಯಾವ ಗೊಂದಲವೂ ಇಲ್ಲ. ಆಪರೇಷನ್ ತಾವೇ ಯೋಚಿಸಿ ಮಾಡಿಸಿಕೊಂಡದ್ದು ಅನ್ನುತ್ತಾರೆ, ಯಾರೂ ತಿದ್ದಲು ಹೋಗಿಲ್ಲ. ಈಗ ದಿನಾ ಬೆಳಿಗ್ಗೆ ಕೃಷ್ಣರಾವ್ ಪಾರ್ಕಿನ ಬೆಂಚಿನಲ್ಲಿ ಕೂತು, ಪೊರೆ ಬಂದ ಗೆಳೆಯರಿಗೆಲ್ಲ ಬುದ್ಧಿ ಹೇಳುತ್ತಾರೆ. ಅರ್ಧ ಗಂಟೆಯೂ ಆಗಲ್ಲ, ಡ್ರಾಪ್ಸ್ ಹಾಕೇ ಮಾಡ್ತಾರೆ, ಆವತ್ತೇ ಮನೆಗೆ ಬರಬಹುದು ಅಂತ, ಮಗ ಹೇಳಿದ ಕಾರಣಗಳನ್ನೇ ಅದೇ ಸಾಲಿನಲ್ಲಿ. ಇಲ್ಲಿಯವರೆಗೆ ಒಬ್ಬರೂ ಆಪರೇಷನ್‌ಗೆ ಒಪ್ಪಿಲ್ಲ.